ಸದ್ಯ, ಬಡ್ಡಿ ಏರಿಸಿಲ್ಲ

ಡಾಲರು ಏರುತ್ತೋ ಇಳಿಯುತ್ತೋ ಅಂತ ಮನೆಯವರಿಗೆ ಯಾರಿಗೂ ಜನ್ಮದಲ್ಲಿ ಹೇಳಲ್ಲ ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದು ಮದುವೆಯ ಹೊಸದರಲ್ಲಿ. ಬ್ಯಾಂಕಿನಲ್ಲಿ ಅವನದು ವಿದೇಶಿ ಹಣ ಕೊಂಡು ಮಾರುವ ಕೆಲಸ. ಹೊಸ ಅಳಿಯನ ಹುಮ್ಮಸ್ಸಿನಲ್ಲಿ ಬಾಮೈದನಿಗೆ, "ತಾಳು, ಡಾಲರು ಇಳಿಯುತ್ತೆ" ಎಂದುಬಿಟ್ಟಿದ್ದ. ಬಾಮೈದ ತಾಳಿದ. ಡಾಲರು ತಾಳಲಿಲ್ಲ. ಹೊರಗಿಂದ ತರಿಸಬೇಕಿದ್ದ ಕ್ಯಾಮೆರಾ ಕೈಗೆಟುಕದಷ್ಟು ಮೇಲೆ ಹೋಯಿತು. "ಬಾವ ಒಂದು ಹೇಳಿದ್ರೆ ಮುಗೀತು, ಉಲ್ಟಾ ನಡಿಯುತ್ತೆ" ಎಂದು ಅವನು ಇವತ್ತಿಗೂ ಊಟಕ್ಕೆ ಕೂತಾಗಲೆಲ್ಲ ಕಿಚಾಯಿಸುತ್ತಾನೆ.

ಈ ಸಲ ಸರದಿ ಹೆಂಡತಿಯದು. ಅವಳದು ಕನ್ನಡಕದ ಅಂಗಡಿ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವ ಯಂತ್ರ ಮುದಿಯಾಗಿ, ಗಾಜುಗಳ ಅಂಚು ಸೀಳುತ್ತಿತ್ತು. ಹೊಸದಕ್ಕೆ ಡಾಲರಿನಲ್ಲೇ ಕೊಡಬೇಕು. ಕೂಡಿಟ್ಟ ಹಣ ಈಗಿನ ದರಕ್ಕೆ ಹೇಗೋ ಸಾಲುತ್ತಿತ್ತು. ಡಾಲರು ಇಳಿದರೆ ಅಂಗಡಿಗೆ ಬಣ್ಣವೂ ಆದೀತು. ಏರಿದರೆ ಯಂತ್ರವೇ ಮುಂದಿನ ವರ್ಷದ ಮಾತು.

"ರೀ, ಸುಮ್ನೆ ಕೇಳ್ತೀನಿ. ಆ ಡಾಲರಿನ ದೊಡ್ಡ ದೇಶದವರು ಬಡ್ಡಿ ಏರಿಸಿದ್ರೆ ನನ್ನ ಯಂತ್ರಕ್ಕೇನು?"

"ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಅಲ್ಲಿ ಬಡ್ಡಿ ಜಾಸ್ತಿಯಾದ್ರೆ ಲೋಕದ ದುಡ್ಡೆಲ್ಲ ಅಲ್ಲಿಗೇ ಓಡುತ್ತೆ. ಎಲ್ಲರಿಗೂ ಡಾಲರೇ ಬೇಕು. ನಮ್ಮ ದುಡ್ಡನ್ನ ಕೇಳೋರಿರಲ್ಲ."

"ಏರಿಸ್ತಾರಾ?"

"ಅದನ್ನ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಕೊಟ್ಟಿದ್ದು ನನಗೆ ತಾನೇ? ವಾಪಸ್ ತಗೊಳ್ಳಿ."

"ನಮ್ಮ ಕೌಂಟರಲ್ಲಿ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ."

ಅವಳು ತಟ್ಟೆ ಸ್ವಲ್ಪ ಜೋರಾಗಿಯೇ ಇಟ್ಟಳು. ಅವನಿಗೂ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವರು ಬಡ್ಡಿ ಏರಿಸಲ್ಲ, ಡಾಲರು ಮೆತ್ತಗಾಗುತ್ತೆ ಅನ್ನುವುದು ಅವನ ಖಚಿತ ಅಭಿಪ್ರಾಯ.

ಬಡ್ಡಿಯ ತೀರ್ಮಾನ ಹೊರಬೀಳುವ ಮಧ್ಯಾಹ್ನ ಕಚೇರಿಯವರೆಲ್ಲ ಟಿವಿ ಮುಂದೆ ನಿಂತಿದ್ದಾಗ ಅವಳ ಫೋನು ಬಂತು. ಹಿಂದೆ ಯಂತ್ರ ಕಿರುಗುಡುತ್ತಿತ್ತು.

"ಮಗಳನ್ನ ಈಜಿನ ಕ್ಲಾಸಿಂದ ನೀವೇ ಕರ್ಕೊಂಡ್ಬನ್ನಿ."

ಅಷ್ಟರಲ್ಲಿ ಪರದೆಯ ಮೇಲೆ ಸುದ್ದಿ ಮೂಡಿತು. "ಸದ್ಯ, ಏರಿಸಿಲ್ಲ" ಎಂದು ಅವನ ಬಾಯಿಂದ ತಾನಾಗಿ ಬಂತು. ಫೋನು ಕಟ್ಟಾಯಿತು.

ಒಂದಿಷ್ಟು ಹೊತ್ತಿನ ಮೇಲೆ ಆ ದೇಶದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರು ಪತ್ರಕರ್ತರ ಮುಂದೆ ಕೂತು, ಇದು ಬರೀ ದಣಿವಾರಿಸಿಕೊಳ್ಳೋದು, ಮುಂದಿನ ಸಲ ನೋಡ್ತಾ ಇರಿ ಎಂಬರ್ಥದ ಮಾತಾಡಿದರು. ಅಷ್ಟೇ ಸಾಕಾಯಿತು. ಊರೂರಿನ ಮಾರುಕಟ್ಟೆಗಳಲ್ಲಿ ಷೇರು, ಸಾಲಪತ್ರ ಎಲ್ಲ ಜಾರಿದವು. ನಮ್ಮ ಹಣ ಇನ್ನೂ ಬೇಗ ಜಾರಿತು. ಅವನಿಗೆ ಕಣ್ಣ ಮುಂದೆ ಬಂದದ್ದು ಅಂಕಿಯಲ್ಲ, ಆ ಕಿರುಗುಡುವ ಯಂತ್ರ.

ಮಗಳ ಕೈ ಹಿಡಿದು ಅಂಗಡಿಗೆ ಬಂದರೆ ಹೆಂಡತಿ ಗುನುಗುತ್ತ ಕನ್ನಡಿ ಒರೆಸುತ್ತಿದ್ದಳು.

"ಹಳೇ ದರಕ್ಕೇ ಯಂತ್ರಕ್ಕೆ ದುಡ್ಡು ಕಟ್ಟಿಬಿಟ್ಟೆ. ನೀವು ಹೇಳಿದ್ದೇ ತಡ, ಬ್ಯಾಂಕಿಗೆ ಓಡಿದೆ."

"ನಾನೇನು ಹೇಳಿದೆ?"

"ಸದ್ಯಕ್ಕೆ ಏರಿಸಿಲ್ಲ ಅಂದ್ರಲ್ಲ. ಸದ್ಯಕ್ಕೆ ಇಲ್ಲ ಅಂದ್ರೆ ಆಮೇಲೆ ಇದೆ ಅಂತ ತಾನೇ? ನನಗೋಸ್ಕರ ಮಾತು ಮುರಿದ್ರಿ ಅಂತ ದಾರಿಯುದ್ದಕ್ಕೂ ಖುಷಿಪಟ್ಕೊಂಡು ಹೋದೆ."

ಸುಮ್ಮನಿದ್ದಿದ್ದರೆ ಆ ಖುಷಿ ಹಾಗೇ ಅವನ ಪಾಲಿಗಿರುತ್ತಿತ್ತು.

"ಸದ್ಯಕ್ಕೆ ಅನ್ನಲಿಲ್ಲ ಕಣೇ. ಬದುಕಿದೆ ಅಂತ ಉಸಿರು ಬಿಡ್ತೀವಲ್ಲ, ಆ ಸದ್ಯ. ನಿಜವಾಗಿ ಹೇಳಿದ್ದಿದ್ರೆ, ಒಂದು ವಾರ ತಡಿ ಅಂತಿದ್ದೆ."

ಅವಳು ಕನ್ನಡಕ ತೆಗೆದು ಅವನನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು. ಕಣ್ಣೊರೆಸಿಕೊಂಡು, ಅವನ ತೋಳಿಗೆ ಹಣೆಯಿಟ್ಟು ಮತ್ತೆ ನಕ್ಕಳು.

"ಅಪ್ಪ, ನಾಳೆ ಮಳೆ ಬರುತ್ತಾ?" ಎಂದಳು ಮಗಳು.

"ಅವರನ್ನ ಕೇಳ್ಬೇಡ" ಎಂದಳು ಹೆಂಡತಿ.

ಅವನು ಮಾತು ಮುರಿದಿರಲಿಲ್ಲ.