ಮೊಟ್ಟೆಯ ಬಣ್ಣದಲ್ಲಿ ಹುಂಜದ ಪಾಲು

ಒಂದೇ ಅಂಗಳ, ಎರಡು ಕೋಳಿಗೂಡು. ಓರಗಿತ್ತಿಯರಿಬ್ಬರ ನಡುವೆ ಇದ್ದದ್ದು ತಂತಿಬೇಲಿಯೊಂದೇ ಆದರೂ ಬೇಕರಿಯವನು ಮೊದಲು ಹೋಗುತ್ತಿದ್ದದ್ದು ಚಿಕ್ಕವಳ ಕಡೆಗೆ. ಅವಳ ಕೋಳಿಗಳ ಕಡುಕಂದು ಮೊಟ್ಟೆಗಳೆಂದರೆ ಅವನ ಗಿರಾಕಿಗಳಿಗೆ ಪ್ರಾಣ. ದೊಡ್ಡವಳ ಬಿಳಿ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಉಳಿದ ಜಾಗ ತುಂಬಲಿಕ್ಕೆಂದು ಒಯ್ಯುತ್ತಿದ್ದ. ಅದನ್ನು ಕಂಡಾಗಲೆಲ್ಲ ದೊಡ್ಡವಳ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು.

ಕೆಂಪು ಕಿವಿಹಾಲೆಯ ಹೇಟೆ ಕಂದು ಮೊಟ್ಟೆ ಇಡುತ್ತದೆ, ಬಿಳಿ ಹಾಲೆಯದು ಬಿಳಿ ಮೊಟ್ಟೆ ಎಂದು ಯಾರೋ ಅಂದದ್ದನ್ನು ಕೇಳಿ, ದೊಡ್ಡವಳು ಮಾರುಕಟ್ಟೆಯಲ್ಲಿ ಕಿವಿ ನೋಡಿ ನೋಡಿ ಕೆಂಪು ಹಾಲೆಯ ಹೇಟೆಗಳನ್ನು ತಂದಳು.

"ಮರಿ ಮಾಡಿಸೋದಾದ್ರೆ ನನ್ನ ಹುಂಜ ಬಿಡ್ತೀನಿ, ಅಕ್ಕ" ಎಂದಳು ಚಿಕ್ಕವಳು.

"ಯಾಕೆ, ನನ್ನ ಹುಂಜಕ್ಕೇನಾಗಿದೆ?" ಎಂದು ದೊಡ್ಡವಳು ಮುಖ ತಿರುಗಿಸಿದಳು. ಅವಳ ಹುಂಜವೋ ಬಿಳಿ ಮೊಟ್ಟೆಯ ತಳಿಯದು.

ತಂದ ಹೇಟೆಗಳೇನೋ ಕಂದು ಮೊಟ್ಟೆಯನ್ನೇ ಇಟ್ಟವು. ಆದರೆ ಅವುಗಳ ಮರಿಗಳು ಬೆಳೆದು ಇಟ್ಟದ್ದು ನೀರು ಹೆಚ್ಚಾದ ಚಹಾದ ಬಣ್ಣದ ಮೊಟ್ಟೆ.

"ನನ್ನ ಗೂಡಿಗೆ ನೀನೇ ಕಣ್ಣು ಹಾಕಿದ್ದು!" ಎಂದು ದೊಡ್ಡವಳು ಬೇಲಿಯಾಚೆಗೆ ಕೂಗಿದಳು. "ಈ ಮರಿಗಳೂ ಬೇಡ, ಹಳೇ ಬಿಳಿ ಕೋಳಿಗಳೂ ಬೇಡ. ಇವತ್ತೇ ಎಲ್ಲಾ ಮಾಂಸದಂಗಡಿಗೆ!"

ಕೋಳಿ ತುಂಬಿದ ಬುಟ್ಟಿ ಹೊತ್ತು ಹೊರಟ ದೊಡ್ಡವಳ ಗಂಡನನ್ನು ಚಿಕ್ಕವಳು ಬಾಗಿಲಲ್ಲೇ ತಡೆದಳು.

"ನಿಮ್ಮ ಹೊಟ್ಟೆಕಿಚ್ಚಿಗೆ ಮೊಟ್ಟೆ ಇಡೋ ಕೋಳಿ ಯಾಕಕ್ಕ ಸಾಯ್ಬೇಕು?"

"ಯಾರಿಗೇ ಹೊಟ್ಟೆಕಿಚ್ಚು?"

"ಯಾರಿಗೂ ಇಲ್ಲ ಬಿಡಿ. ಹುಂಜ ಮೊಟ್ಟೆ ಇಡಲ್ಲ, ನಿಜ. ಆದ್ರೆ ಅದರ ಮಗಳು ಇಡೋ ಮೊಟ್ಟೆ ಬಣ್ಣದಲ್ಲಿ ಅದಕ್ಕೂ ಪಾಲಿದೆ. ಕಡುಕಂದು ಮೊಟ್ಟೆಯಿಂದ ಹೊರಬಂದ ಹುಂಜ ಬೇಕು."

"ಮತ್ತೆ ಆ ಕಿವಿ ಕಥೆ?"

"ಅದು ಬರೀ ಸುಳಿವು. ಎಷ್ಟೋ ತಳಿಗಳಲ್ಲಿ ತಪ್ಪುತ್ತೆ, ಬೆರಕೆ ಆದ್ಮೇಲಂತೂ ನಂಬೋ ಹಾಗೇ ಇಲ್ಲ. ಇನ್ನು ಸತ್ವ ಅಂತೀರಾ, ಚಿಪ್ಪು ಬಿಳಿಯಾದ್ರೇನು, ಕಂದಾದ್ರೇನು, ಒಳಗಿರೋದು ಒಂದೇ."

"ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಾ?"

"ನೀವು ಬಾಯಿ ತೆಗೆಯೋಕೆ ಬಿಟ್ರೆ ತಾನೇ!"

ಗಂಡ ಬುಟ್ಟಿಯನ್ನು ಇಳಿಸಿ, "ಅವಳು ಹೇಳೋದು ಸರಿ ಕಣೇ" ಎಂದ. ದೊಡ್ಡವಳು ಬುಟ್ಟಿಯ ಹಗ್ಗ ಬಿಚ್ಚಿದಳು. ಅವಳ ಮುಖದ ಬಿಗುವು ಮಾತ್ರ ಸಡಿಲವಾಗಲಿಲ್ಲ.

"ಕಳಿಸು ನಿನ್ನ ಹುಂಜಾನ. ಮುಂದಿನ ಸಲ ಬೇಕರಿಯವನು ನಿನ್ನ ಮನೆ ದಾರೀನೇ ಮರೀಬೇಕು, ಹಾಗೆ ಮಾಡ್ತೀನಿ!"

ಕೋಳಿ ಸಾಕುವ ಅಕ್ಕತಂಗಿಯರೇ, ನೆರೆಮನೆಯ ಮೊಟ್ಟೆಯ ಬಣ್ಣಕ್ಕೆ ಮರುಳಾಗಿ ಚೆನ್ನಾಗಿ ಮೊಟ್ಟೆ ಇಡುವ ಕೋಳಿಯನ್ನು ಮಾರಬೇಡಿ. ಬಣ್ಣವೇ ಬೇಕೆಂದಿದ್ದರೆ ಹೇಟೆಯಷ್ಟೇ ಎಚ್ಚರದಿಂದ ಹುಂಜವನ್ನೂ ಆರಿಸಿ. ಅದು ಎಂಥ ಮೊಟ್ಟೆಯೊಡೆದು ಬಂದದ್ದೆಂದು ಕೇಳಿ ತಿಳಿದ ಮೇಲೆಯೇ ಗೂಡಿಗೆ ಬಿಡಿ.