ಬೆವರಿದ ಕ್ಯಾನು

ನಾನು ಒಂದು ನೈಟ್ರೋಜನ್ ಕ್ಯಾನು. ನೋಡಲು ಹಾಲಿನ ಕ್ಯಾನಿನ ತಮ್ಮನ ಹಾಗಿದ್ದೇನೆ. ಆದರೆ ನನ್ನೊಳಗೆ ಹಾಲು ಸುರಿದರೆ ಅದು ಕಲ್ಲಾಗುತ್ತದೆ.

ಕಾರ್ಖಾನೆಯಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆಯೊಳಗೆ ಇನ್ನೊಂದನ್ನು ಇಳಿಸಿ, ಕುತ್ತಿಗೆಯ ಬಳಿ ಬೆಸೆದು, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದರು. ಆ ಖಾಲಿ ಜಾಗವೇ ನನ್ನ ಜೀವ. ಅದಿರುವವರೆಗೆ ಹೊರಗಿನ ಬಿಸಿ ಒಳಗೆ ಬರುವುದಿಲ್ಲ. ಒಳಗಿನ ದ್ರವ ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗಿದ್ದರೂ ನನ್ನ ಮೈ ಮುಟ್ಟಿದವರಿಗೆ ಏನೂ ಗೊತ್ತಾಗುವುದಿಲ್ಲ.

ನನ್ನ ಮೊದಲ ಕೆಲಸ ಹೋರಿ ಮತ್ತು ಕೋಣಗಳ ವೀರ್ಯ ಹೊರುವುದು. ಹೇಳಲು ನಾಚಿಕೆಯೇನಿಲ್ಲ. ಹುಬ್ಬಳ್ಳಿ ಸೀಮೆಯ ಪಶು ಪರೀಕ್ಷಕ ಹೊಳೆಬಸಪ್ಪ ಅಂಗಡಿ ನನ್ನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಒಂಬತ್ತು ವರ್ಷ ಊರೂರು ತಿರುಗಿದರು. ಎಷ್ಟೋ ಎಮ್ಮೆಗಳು ನನ್ನಿಂದ ಕರು ಹಾಕಿದವು. ಯಾವ ಎಮ್ಮೆಯೂ ನನ್ನನ್ನು ನೆನೆಸಿಕೊಳ್ಳಲಿಲ್ಲ.

ಆಮೇಲೆ ಇಲಾಖೆಗೆ ಹೊಸ ಕ್ಯಾನುಗಳು ಬಂದವು. ಅದೇ ಹೊತ್ತಿಗೆ ಧಾರವಾಡದಿಂದ ಡಾಕ್ಟರ್ ರುಕ್ಸಾನಾ ಕಿತ್ತೂರ ನನ್ನನ್ನು ಹುಡುಕಿಕೊಂಡು ಬಂದರು. ಅವರು ಮಕ್ಕಳ ರಕ್ತದ ಕ್ಯಾನ್ಸರಿನ ಬಗ್ಗೆ ಸಂಶೋಧನೆ ಮಾಡುವವರು. ಅವರು ಕೇಳಿದ್ದ ದೊಡ್ಡ ಶೈತ್ಯಯಂತ್ರದ ಕಡತ ಎರಡು ವರ್ಷದಿಂದ ಯಾರದೋ ಮೇಜಿನ ಮೇಲಿತ್ತು. ಅದಕ್ಕಾಗಿ ಕಾಯುತ್ತ ಕೂರುವ ಹೆಂಗಸಲ್ಲ ಅವರು.

ಹೊಳೆಬಸಪ್ಪ ನನ್ನ ಜೊತೆಗೆ ಒಂದು ಕಟ್ಟಿಗೆ ಸ್ಕೇಲನ್ನೂ ಕೊಟ್ಟರು.

"ಮೇಡಮ್ಮಾರ, ಇದಕ್ಕ ಮೀಟರ್ ಗೀಟರ್ ಇಲ್ಲ ಮತ್ತ. ಸ್ಕೇಲ್ ತಳಾಮಟ ಇಳಸ್ರಿ, ಹತ್ತು ಎಣಸ್ರಿ, ತಗದು ಗಾಳ್ಯಾಗ ಆಡಸ್ರಿ. ಎಲ್ಲೀಮಟ ಬೆಳ್ಳಗ ಹಿಮಾ ಕುಂದರತೈತಿ, ಅಲ್ಲೀಮಟ ಒಳಗ ನೈಟ್ರೋಜನ್ ಐತಿ."

"ಹೋರಿ ಮಾಲೆಲ್ಲಾ ತಗದೀರಿಲ್ಲೋ?"

"ತಗದು ತೊಳದೇನ್ರೀ. ನಾಳೆ ನಿಮ್ಮ ಪೇಷಂಟಿಗೆ ಕೋಡು ಬಂದ್ರ ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ."

ಪ್ರಯೋಗಾಲಯದಲ್ಲಿ ನನ್ನ ಕೆಲಸ ಬೇರೆಯಾಯಿತು. ಡಾಕ್ಟರು ಕಾಯಿಲೆಯ ಮಗುವಿನ ರಕ್ತದಿಂದ ಬಿಳಿ ಕಣಗಳನ್ನು ಬೇರೆ ಮಾಡುತ್ತಿದ್ದರು. ಅವಕ್ಕೆ ಕ್ಯಾನ್ಸರ್ ಕಣವನ್ನು ಗುರುತಿಸುವ ಶಕ್ತಿ ಸೇರಿಸಿ, ಲಕ್ಷಗಟ್ಟಲೆ ಬೆಳೆಸಿ, ಸಣ್ಣ ಸೀಸೆಗಳಲ್ಲಿ ತುಂಬಿ, ಉದ್ದ ಕೊಕ್ಕೆಯಿಂದ ನೇತಾಡುವ ನನ್ನೊಳಗಿನ ಗೂಡುಗಳಲ್ಲಿ ಇಡುತ್ತಿದ್ದರು. ಬೇರೆ ಕಡೆ ಚೀಲಗಳಲ್ಲಿ ಇಡುತ್ತಾರಂತೆ. ನನ್ನ ಬಾಯಿ ಸಣ್ಣದು. ಹಾಗಾಗಿ ಅವರು ತಮ್ಮ ವಿಧಾನವನ್ನೇ ನನ್ನ ಬಾಯಿಗೆ ಹೊಂದಿಸಿಕೊಂಡರು.

ಬೆಳೆಯುವ ಕಣಗಳಿಗೆ ದಿನ ಬಿಟ್ಟು ದಿನ ಆಹಾರ ಹಾಕಬೇಕು. ಅವಕ್ಕೆ ರಜೆ ಗೊತ್ತಿಲ್ಲ. ರಮ್ಜಾನ್ ದಿನವೂ ಡಾಕ್ಟರು ಹೊಸ ಬಟ್ಟೆಯ ಮೇಲೆ ಹಳೆಯ ಕೋಟು ಹಾಕಿಕೊಂಡು ಬಂದು, ಕಣಗಳಿಗೆ ಹಾಕಿ, ನನಗೆ ಸ್ಕೇಲು ಇಳಿಸಿ ನೋಡಿ, ಆಮೇಲೆ ಮನೆಗೆ ಹೋದರು.

ಎಲ್ಲ ಮಕ್ಕಳೂ ಬದುಕಲಿಲ್ಲ. ಮೊದಲ ಹುಡುಗನ ಕಣಗಳು ಬೆಳೆಯಲೇ ಇಲ್ಲ. ಅವನ ಹೆಸರು ಬರೆದ ಸೀಸೆಗಳು ಖಾಲಿ ಉಳಿದವು. ಎರಡನೆಯ ಮಗು ಗುಣವಾಗಿ ಮನೆಗೆ ಹೋಯಿತು. ಮೂರನೆಯದಕ್ಕೆ ಎಂಟು ತಿಂಗಳಲ್ಲಿ ರೋಗ ಮರಳಿತು. ಆ ಸುದ್ದಿ ಬಂದ ದಿನ ಡಾಕ್ಟರು ಆ ಮಗುವಿನ ಪುಟಗಳನ್ನು ಮೊದಲಿನಿಂದ ಮತ್ತೆ ಓದಿದರು. ಮರುದಿನ ಎಂದಿನ ಹೊತ್ತಿಗೆ ಬಂದರು.

ನಾಲ್ಕನೆಯವಳು ಭೂಮಿಕಾ. ಎಂಟು ವರ್ಷ. ರೋಗ ಎರಡು ಸಲ ಮರಳಿ ಬಂದಿತ್ತು. ಅವಳ ಅಪ್ಪ ದ್ಯಾಮಣ್ಣ ಗವಳಿ ಎಮ್ಮೆ ಸಾಕುವವರು. ಸಹಿ ಹಾಕುವ ಮೊದಲು ಪ್ರಯೋಗಾಲಯ ನೋಡಬೇಕೆಂದು ಹಟ ಹಿಡಿದು ಬಂದರು. ಬಂದವರು ಮೊದಲು ನೋಡಿದ್ದು ನನ್ನನ್ನು.

"ಇದು ಎಮ್ಮಿಗೆ ಇಂಜೆಕ್ಷನ್ ಮಾಡೋ ಕ್ಯಾನಲ್ರೀ ಡಾಕ್ಟರ್ ಬಾಯಾರ? ನನ್ನ ಮಗಳಿಗೆ ಏನ್ ಮಾಡೋರದೀರಿ ನೀವು?"

ಡಾಕ್ಟರು ನಗಲಿಲ್ಲ. ಕುರ್ಚಿ ಎಳೆದು ಅವರನ್ನು ಕೂರಿಸಿದರು.

"ಕ್ಯಾನ್ ಅದನ, ಖರೇ. ಒಳಗ ಇಡೋದು ನಿಮ್ಮ ಮಗಳ ರಕ್ತದ ಕಣ. ಹೀಂಗ ತಿಳ್ಕೋರಿ, ಮನ್ಯಾಗ ನಾಯಿ ಐತಿ, ಅದಕ್ಕ ಕಳ್ಳನ ಗುರ್ತಾ ಇಲ್ಲ. ಕಳ್ಳ ಎದುರಿಗೆ ಓಡ್ಯಾಡಿದ್ರೂ ಸುಮ್ನ ಮಲಗತೈತಿ. ನಾವು ಗುರ್ತಾ ಹಚ್ಚಿ ತಿರುಗಿ ಮನೀಗೆ ಬಿಡ್ತೀವಿ."

"ನಾಯಿ ಮನಿಯವರನ್ನ ಕಡದ್ರ?"

"ಕಡೀಬಹುದು. ಜೋರು ಜ್ವರ ಬರ್ತಾವ. ಅದಕ್ಕ ಔಷಧ ಐತಿ. ಆದ್ರ ಗ್ಯಾರಂಟಿ ಕೊಡಂಗಿಲ್ಲ ನಾನು."

ದ್ಯಾಮಣ್ಣ ಕಾಗದವನ್ನು ತಮ್ಮತ್ತ ಎಳೆದುಕೊಂಡರು. "ಎಮ್ಮಿ ಮಾರೋರೆಲ್ಲಾ ಗ್ಯಾರಂಟಿ ಕೊಡ್ತಾರ್ರೀ. ಅದಕ್ಕ ನಂಬಂಗಿಲ್ಲ ನಾವು ಅವರನ್ನ," ಎಂದು ಸಹಿ ಹಾಕಿದರು.

ಭೂಮಿಕಾಳ ಕಣಗಳು ಚೆನ್ನಾಗಿ ಬೆಳೆದವು. ಐದು ಸೀಸೆ, ಜೊತೆಗೆ ಪರೀಕ್ಷೆಗೆಂದು ಒಂದು ಪುಟ್ಟ ಸೀಸೆ. ಇನ್ನೊಮ್ಮೆ ತೆಗೆಯುವಷ್ಟು ಕಣಗಳು ಅವಳ ಮೈಯಲ್ಲಿ ಉಳಿದಿರಲಿಲ್ಲ.

ಕಣಗಳನ್ನು ಕೊಡುವುದು ಗುರುವಾರ ಎಂದು ನಿಗದಿಯಾಯಿತು. ಆ ಕಣಗಳಿಗೆ ಜಾಗ ಮಾಡಲು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳಿಗೆ ಮೂರು ದಿನ ಕಟುವಾದ ಔಷಧ ಕೊಟ್ಟು, ಇದ್ದ ಬದ್ದ ಬಿಳಿ ಕಣಗಳನ್ನೂ ಇಳಿಸಿದ್ದರು. ಇನ್ನು ಹಿಂದೆ ಹೋಗುವ ದಾರಿ ಇರಲಿಲ್ಲ. ಅಷ್ಟರಲ್ಲಿ ಗುರುವಾರವೇ ಬಂದ್ ಎಂದು ಸುದ್ದಿ ಬಂತು. ರಸ್ತೆಗೆ ಟೈರು ಬಿದ್ದರೆ ವಾಹನ ಹೋಗುವುದಿಲ್ಲ. ಡಾಕ್ಟರು ಬುಧವಾರ ಬೆಳಿಗ್ಗೆಯೇ ನನ್ನನ್ನು ತುಂಬಿಸಿದರು. ಸ್ಕೇಲಿನಲ್ಲಿ ಹನ್ನೊಂದು ಇಂಚು ಇತ್ತು. ಡಾಕ್ಟರೂ ನಾನೂ ಇದ್ದ ಜೀಪು ಹುಬ್ಬಳ್ಳಿಗೆ ಹೊರಟಿತು.

ರಸ್ತೆ ಅಗೆದು ಹಾಕಿದ್ದ ಕಡೆ ಜೀಪು ಒಮ್ಮೆ ಎದ್ದು ಬಿತ್ತು. ನನ್ನ ಕುತ್ತಿಗೆಯ ಬೆಸುಗೆ ಟಕ್ ಎಂದಿತು. ಯಾರಿಗೂ ಕೇಳಿಸಲಿಲ್ಲ. ಕೂದಲೆಳೆಯಷ್ಟು ಸೀಳು. ಅದರೊಳಗಿಂದ ಗಾಳಿ ನನ್ನ ಖಾಲಿ ಜಾಗಕ್ಕೆ ನುಗ್ಗಿತು. ನಾನು ಸಾಯುತ್ತಿದ್ದೆ, ನನ್ನೊಳಗೆ ಆ ಹುಡುಗಿಯ ಐದು ಸೀಸೆಗಳಿದ್ದವು, ನನಗೆ ಬಾಯಿದ್ದರೂ ಮಾತಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನನ್ನು ಭೂಮಿಕಾಳ ಕೋಣೆಯ ಹೊರಗೆ ಇಟ್ಟರು. ಮಧ್ಯಾಹ್ನ ದ್ಯಾಮಣ್ಣ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ ಬಗ್ಗಿ ನನ್ನ ಭುಜಕ್ಕೆ ಅಂಗೈ ಇಟ್ಟರು. ಅಂಗೈ ಒದ್ದೆಯಾಯಿತು.

"ಕ್ಯಾನ್ ಬೆವರಾಕತ್ತೈತ್ರೀ!"

ಹಾದುಹೋಗುತ್ತಿದ್ದ ಕಿರಿಯ ವೈದ್ಯ ನಿಲ್ಲಲೂ ಇಲ್ಲ. "ಸೆಕಿ ಐತಿ ಯಜಮಾನ್ರ. ನೀರಿನ ಬಾಟಲಿನೂ ಬೆವರತಾವ."

"ಬಾಟಲಿ ಬೆವರ್ಲಿ, ಇದು ಬೆವರಬಾರದ್ರೀ. ಹಿಂದಕ ನಮ್ಮೂರ ದನದ ಡಾಕ್ಟರ ಕ್ಯಾನ್ ಹೀಂಗ ಬೆವತು ಒಳಗಿಂದೆಲ್ಲಾ ಕೆಟ್ಟು ಹೋತು. ಆ ವರ್ಷ ನನ್ನ ಒಂದು ಎಮ್ಮಿನೂ ಗಬ್ಬ ನಿಲ್ಲಲಿಲ್ಲ. ಬಾಯಾರನ್ನ ಕರೀರಿ ಮದಲ!"

ಡಾಕ್ಟರು ಬಂದರು. 'ಬೆಳಿಗ್ಗೆಯಷ್ಟೇ ನಾನೇ ಅಳೆದಿದ್ದೇನೆ' ಎನ್ನಬಹುದಿತ್ತು. ಅನ್ನಲಿಲ್ಲ. ಚೀಲದಿಂದ ಕಟ್ಟಿಗೆ ಸ್ಕೇಲು ತೆಗೆದು ನನ್ನೊಳಗೆ ಇಳಿಸಿದರು, ಹತ್ತು ಎಣಿಸಿದರು, ಗಾಳಿಯಲ್ಲಿ ಆಡಿಸಿದರು. ಬಿಳಿ ಗೆರೆ ಎರಡು ಇಂಚಿಗೇ ನಿಂತಿತ್ತು. ನನಗೆ ಮುಚ್ಚಳ ಹಾಕಿ, ಹೊಳೆಬಸಪ್ಪನವರಿಗೆ ಫೋನು ಮಾಡಿದರು. ಅವರೀಗ ಹುಬ್ಬಳ್ಳಿಯ ಪಶು ಆಸ್ಪತ್ರೆಯಲ್ಲೇ ಇದ್ದರು.

"ಅಂಗಡಿಯವರ, ಇದ್ದ ಕಡಿಂದ ಹಂಗ ಹೊಂಡ್ರಿ. ತುಂಬಿದ ಕ್ಯಾನ್ ಬೇಕು."

ಇಪ್ಪತ್ತೈದು ನಿಮಿಷ. ನನ್ನ ಭುಜದ ಬೆವರು ಹೆಪ್ಪುಗಟ್ಟಿ ಬೆಳ್ಳಗಾಗುತ್ತ ಬಂತು. ದ್ಯಾಮಣ್ಣ ಮುಚ್ಚಳಕ್ಕೆ ಕೈ ಹಾಕಿದಾಗ ಡಾಕ್ಟರು ಅವರ ಕೈ ಹಿಡಿದರು. "ತಗದಷ್ಟು ಲಗೂನ ಆರತೈತಿ. ಮುಟ್ಟಬ್ಯಾಡ್ರಿ." ಆಮೇಲೆ ಇಬ್ಬರೂ ಬೆಂಚಿನಲ್ಲಿ ಕೂತು ನನ್ನನ್ನೇ ನೋಡಿದರು.

ಹೊಳೆಬಸಪ್ಪ ಇನ್ನೊಂದು ಕ್ಯಾನನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿ ಬಂದರು. "ಒಂದು ಗೂಡು ಖಾಲಿ ಮಾಡೇನ್ರಿ. ಉಳದ ಗೂಡಿನ್ಯಾಗ ಮುರ್ರಾ ಕೋಣಂದು ಐತಿ," ಎಂದು ಏದುಸಿರು ಬಿಟ್ಟರು. ಸೀಸೆಗಳು ಎರಡೆರಡು ಪದರದ ಸೀಲಿನಲ್ಲಿದ್ದವು. ಡಾಕ್ಟರು ಕೊಕ್ಕೆ ಹಿಡಿದು ಒಂದೇ ಎಳೆತಕ್ಕೆ ನನ್ನಿಂದ ಎತ್ತಿ ಅದಕ್ಕೆ ಇಳಿಸಿದರು. ಪುಟ್ಟ ಸೀಸೆಯನ್ನು ಮಾತ್ರ ಹೊರಗಿಟ್ಟುಕೊಂಡರು.

"ಇದರಾಗಿನ ಕಣ ಎಣಸ್ತೀನಿ. ನೂರರಾಗ ಎಪ್ಪತ್ತಾದ್ರೂ ಜೀವಂತ ಇರಬೇಕು," ಎಂದರು ದ್ಯಾಮಣ್ಣನಿಗೆ.

"ಕಮ್ಮಿ ಬಂದ್ರ?"

"ಕೊಡಂಗಿಲ್ಲ. ಸತ್ತ ಕಣ ಕೊಟ್ಟು, ಔಷಧ ಕೊಟ್ಟೀನಿ ಅಂತ ನಿಮಗ ಹೇಳಂಗಿಲ್ಲ ನಾನು."

ಎದುರಿನ ಕೋಣೆಯ ಬಾಗಿಲು ತೆರೆದಿತ್ತು. ಸೂಕ್ಷ್ಮದರ್ಶಕದ ಮೇಲೆ ಬಾಗಿದ ಅವರ ಬೆನ್ನು ನನಗೆ ಕಾಣುತ್ತಿತ್ತು. ಬಾಗಿಲ ಬಳಿ ನಿಂತಿದ್ದ ದ್ಯಾಮಣ್ಣ ಕೂರಲಿಲ್ಲ. ಮೊದಲ ಎಣಿಕೆ ಎಂಬತ್ನಾಲ್ಕು. ಡಾಕ್ಟರು ಮತ್ತೊಮ್ಮೆ ಎಣಿಸಿದರು. ಎಂಬತ್ತೊಂದು. ಪುಸ್ತಕದಲ್ಲಿ ಎಂಬತ್ತೊಂದನ್ನೇ ಬರೆದರು.

ಮರುದಿನ ಹತ್ತು ಗಂಟೆಗೆ ಕಣಗಳನ್ನು ಕೊಟ್ಟರು. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಗಾಜಿನ ಆಚೆಯಿಂದ ಭೂಮಿಕಾ ಕೇಳಿದಳು: "ಇಷ್ಟನ? ಅಪ್ಪಾ, ನನ್ನ ಸೀಸೆ ಜೋಡಿ ಕೋಣ ಮಲಗಿತ್ತಂತ, ಖರೇನ?"

ಐದನೆಯ ದಿನ ಜ್ವರ ಏರಿತು. ನಾಯಿ ಮನೆಯವರನ್ನೇ ಕಚ್ಚಿತ್ತು. ಮೂರು ದಿನ ಡಾಕ್ಟರು ಧಾರವಾಡಕ್ಕೆ ಹೋಗಲಿಲ್ಲ. ಜ್ವರದ ನಾಲ್ಕನೆಯ ದಿನ ಮಗಳ ಹಣೆಯಲ್ಲಿ ಬೆವರು ಕಂಡು ದ್ಯಾಮಣ್ಣ ಮತ್ತೆ ಕೂಗಿಕೊಂಡರು. ಡಾಕ್ಟರು ಓಡಿ ಬಂದು ಹಣೆ ಮುಟ್ಟಿ, ಮೊದಲ ಸಲ ನಕ್ಕರು. "ಜ್ವರ ಬಿಡಾಕತ್ತೈತ್ರಿ. ಎಲ್ಲಾ ಬೆವರೂ ಕ್ಯಾನಿನ ಬೆವರಲ್ಲ."

ಇಪ್ಪತ್ತೆಂಟನೆಯ ದಿನ ಮೂಳೆಯ ಮಜ್ಜೆ ತೆಗೆದು ನೋಡಿದರು. ಡಾಕ್ಟರು 'ರೋಗ ಹೋಯಿತು' ಎನ್ನಲಿಲ್ಲ. 'ಕಾಣಲಿಲ್ಲ' ಎಂದರು. ಅವರು ಯಾವತ್ತೂ ಹಾಗೆಯೇ.

ನಡೆದದ್ದನ್ನೆಲ್ಲ ಬರೆದು, ಈ ಸಂಶೋಧನೆಗೆ ಒಪ್ಪಿಗೆ ಕೊಟ್ಟಿದ್ದ ಸಮಿತಿಗೆ ಕಳಿಸಿದರು. ಹಳೆಯ ಕ್ಯಾನನ್ನು ರಸ್ತೆಗೆ ಇಳಿಸಿದ್ದು ತಮ್ಮ ತಪ್ಪು ಎಂದು ತಮ್ಮ ಹೆಸರಿನಲ್ಲೇ ಬರೆದರು. ಯಾರೂ ಕೇಳಿರಲಿಲ್ಲ. ಸಮಿತಿ ಕೆಲಸವನ್ನು ಮೂರು ತಿಂಗಳು ನಿಲ್ಲಿಸಿತು. ಆ ವರದಿಯ ದೆಸೆಯಿಂದಲೇ ಮೇಜಿನ ಮೇಲಿದ್ದ ಕಡತವೂ ಕದಲಿತು. ಈಗ ಹೊಸ ಯಂತ್ರವಿದೆ, ಹೊಸ ಕ್ಯಾನುಗಳಿವೆ, ಅವಕ್ಕೆ ಮೀಟರೂ ಇದೆ.

ನನ್ನನ್ನು ಪ್ರಯೋಗಾಲಯದ ಬಾಗಿಲ ಪಕ್ಕ ಇಟ್ಟಿದ್ದಾರೆ. ಬಾಯಲ್ಲಿ ಆ ಕಟ್ಟಿಗೆ ಸ್ಕೇಲಿದೆ. ಕೆಲಸಕ್ಕೆ ಹೊಸಬರು ಬಂದರೆ ಮೊದಲ ಪಾಠ ನನ್ನ ಮುಂದೆಯೇ: ಮೀಟರ್ ನೋಡಿ, ಸ್ಕೇಲು ಇಳಿಸಿ, ಆಮೇಲೆ ಅಂಗೈ ಇಟ್ಟು ನೋಡಿ. ಈ ಮೂರನೆಯದನ್ನು ಕಲಿಸಿದವರು ಒಬ್ಬ ಎಮ್ಮೆ ಸಾಕುವವರು ಎಂದು ಹೇಳುವುದನ್ನು ಡಾಕ್ಟರು ಮರೆಯುವುದಿಲ್ಲ.

ಮೊನ್ನೆ ಭೂಮಿಕಾ ಎರಡನೆಯ ವರ್ಷದ ತಪಾಸಣೆಗೆ ಬಂದಿದ್ದಳು. ಎರಡು ಜಡೆ ಹಾಕುವಷ್ಟು ಕೂದಲು ಬಂದಿದೆ. ಸ್ಕೇಲನ್ನು ನನ್ನೊಳಗೆ ಇಳಿಸಿ, ಹತ್ತು ಎಣಿಸಿ, ಗಾಳಿಯಲ್ಲಿ ಆಡಿಸಿ ನೋಡಿದಳು.

"ಏನೂ ಇಲ್ರೀ ಇದರಾಗ."

"ಇಲ್ಲಲ್ಲ. ಇದ್ದದ್ದೆಲ್ಲಾ ನಿನಗ ಕೊಟ್ಟೈತಿ," ಎಂದ ಡಾಕ್ಟರು ಅವಳ ಹಣೆಗೆ ಅಂಗೈ ಇಟ್ಟರು. ಒಳಗೆ ಹೋಗುವಾಗ, ರೂಢಿಯಂತೆ, ಅದೇ ಅಂಗೈಯನ್ನು ನನ್ನ ಭುಜದ ಮೇಲೂ ಒಮ್ಮೆ ಇಟ್ಟರು.

ಇಬ್ಬರೂ ಬೆವರಿರಲಿಲ್ಲ.