ಬಾಗಿಲ ಪಕ್ಕದ ಬೆಂಚು

ಮಕ್ಕಳು ಅವರಿಗೆ ಇಟ್ಟ ಹೆಸರು ಗಿಲಕಿ ಮೇಷ್ಟ್ರು. ಪ್ರಯೋಗಾಲಯ, ಗ್ರಂಥಾಲಯ, ಆಟದ ಸಾಮಾನಿನ ಕೋಣೆ, ನೀರಿನ ಪಂಪು, ಹೀಗೆ ಶಾಲೆಯಲ್ಲಿ ಬೀಗ ಇರುವ ಜಾಗದ ಕೀಗಳೆಲ್ಲ ಒಂದೇ ದೊಡ್ಡ ಬಳೆಯಲ್ಲಿ ಸೇರಿಕೊಂಡು ಅವರ ಸೊಂಟದಲ್ಲಿ ನೇತಾಡುತ್ತಿದ್ದವು. ಅವರು ಒಂದು ಮಾತಾಡುವಷ್ಟರಲ್ಲಿ ಗೊಂಚಲು ಹತ್ತು ಮಾತಾಡುತ್ತಿತ್ತು. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಜಾರೇನೂ ಇರಲಿಲ್ಲ. ಬೆತ್ತ ಹಿಡಿಯದೆ, ದನಿ ಎತ್ತದೆ ಇಷ್ಟು ವರ್ಷ ಪಾಠ ಮಾಡಿದವರಿಗೆ ಅದೂ ಒಂದು ಬಿರುದೇ ಎಂದುಕೊಂಡಿದ್ದರು.

ಅವರ ಹೆಮ್ಮೆಯೆಂದರೆ ಒಂಬತ್ತನೇ ತರಗತಿಯ ಸ್ವಂತ ಓದಿನ ಅವಧಿ. ಕೊನೆಯ ಗಂಟೆ ಹೊಡೆದ ಮೇಲೆ ಮಕ್ಕಳು ಮಹಡಿಯ ತುದಿಯ ಕೋಣೆಯಲ್ಲಿ ತಮ್ಮ ಪಾಡಿಗೆ ತಾವು ಕೂತು ಓದಬೇಕು. ಒಳಗೆ ಯಾವ ಮೇಷ್ಟ್ರೂ ಇರುವುದಿಲ್ಲ. ಗೋಡೆಯ ಮೇಲೆ ಅವರೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಮಾತು: ‘ಓದು ಒಳಗಿನಿಂದ ಬರಬೇಕು.’ ನಡುನಡುವೆ ಒಂದು ಸುತ್ತು ಬಂದು ಇಣುಕಿದರೆ ಬಗ್ಗಿದ ತಲೆಗಳು, ಓಡುವ ಪೆನ್ನುಗಳು, ಗುಂಡುಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ.

“ನಾನು ಅವರನ್ನ ಕಾಯಲ್ಲಪ್ಪ. ಅವರನ್ನ ಅವರೇ ಕಾಯ್ಕೋತಾರೆ” ಎಂದು ಸಿಬ್ಬಂದಿ ಕೋಣೆಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಹೇಳುತ್ತಿದ್ದರು. ದಿನವಿಡೀ ಕಿರುಚಿ ಗಂಟಲು ಕಟ್ಟಿಸಿಕೊಂಡ ಉಳಿದ ಮೇಷ್ಟ್ರುಗಳು ಹುಳ್ಳಗೆ ನಗುತ್ತಿದ್ದರು. ಇವರ ಮಗಳೂ ಅದೇ ತರಗತಿಯಲ್ಲಿದ್ದಳು. ಹಾಗಾಗಿ ಬೀಗುವುದಕ್ಕೆ ಎರಡೆರಡು ಕಾರಣ.

ಆ ಹೆಮ್ಮೆಗೆ ಕಣ್ಣಲ್ಲಿ ಬಿದ್ದ ಕಸದ ಹಾಗೆ ಒಬ್ಬಳಿದ್ದಳು. ವರ್ಷದ ನಡುವೆ ಬಂದು ಸೇರಿದ ಹುಡುಗಿ. ಬಾಗಿಲ ಪಕ್ಕದ ಬೆಂಚು ಖಾಲಿಯಿತ್ತು, ಅಲ್ಲೇ ಕೂರಿಸಿದ್ದರು. ಯಾವಾಗ ಇಣುಕಿದರೂ ಎಲ್ಲರ ಕಣ್ಣು ಪುಸ್ತಕದ ಮೇಲಿದ್ದರೆ ಇವಳ ಕಣ್ಣು ಬಾಗಿಲ ಮೇಲೆ. ಪುಸ್ತಕ ಮುಂದೆ ತೆರೆದಿರುತ್ತಿತ್ತು, ಹಾಳೆ ಮಾತ್ರ ಮಗುಚುತ್ತಿರಲಿಲ್ಲ. “ಏನಮ್ಮಾ ಬಾಗಿಲಮ್ಮ, ಯಾರು ಬರ್ತಾರೆ ಅಂತ ಕಾಯ್ತಿದೀಯ?” ಎಂದು ಒಂದು ದಿನ ಎಲ್ಲರೆದುರು ಕೇಳಿದರು. ತರಗತಿ ಬಿದ್ದುಬಿದ್ದು ನಕ್ಕಿತು. ಅಂದಿನಿಂದ ಅದೇ ಅವಳ ಹೆಸರಾಯಿತು. ತಮಾಷೆ ಚೆನ್ನಾಗಿ ಕುದುರಿತೆಂದು ಮೇಷ್ಟ್ರು ಅದನ್ನು ಮನೆಯಲ್ಲೂ ಹೇಳಿ ನಗಿಸಲು ನೋಡಿದ್ದರು.

ಅವಳ ಅಂಕಗಳು ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ ಹೋದವು. ಮುಂದಿನ ವರ್ಷಕ್ಕೆ ಅವಳನ್ನು ಬಿ ವಿಭಾಗಕ್ಕೆ ಹಾಕುವುದೆಂದು ಮೇಷ್ಟ್ರೇ ಬರೆದುಕೊಟ್ಟರು. ಬಿ ವಿಭಾಗವೆಂದರೆ ಪ್ರಯೋಗಾಲಯವಿಲ್ಲ, ವಿಜ್ಞಾನ ಹೆಸರಿಗಷ್ಟೇ. ಒಮ್ಮೆ ಅಲ್ಲಿಗೆ ಹೋದ ಮಕ್ಕಳು ತಿರುಗಿ ಮೇಲೆ ಬಂದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

ತಾಯಿಯನ್ನು ಕರೆಸಿದರು. ಆಕೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ಸೋಪಿನ ನೀರಿಗೆ ಬೆರಳುಗಳೆಲ್ಲ ಸುಕ್ಕಾಗಿದ್ದವು.

“ನಿಮ್ಮ ಮಗಳಿಗೆ ಗಮನ ಅನ್ನೋದೇ ಇಲ್ಲಮ್ಮ. ಒಂದು ಗಳಿಗೆ ಮನಸ್ಸು ನಿಲ್ಲಲ್ಲ” ಎಂದರು ಮೇಷ್ಟ್ರು.

“ಮನೇಲಿ ಹಾಗಿಲ್ಲ ಸಾರ್. ಪಕ್ಕದ ಕೋಣೇಲಿ ಅವಳ ತಮ್ಮ ಮಗ್ಗುಲು ಬದಲಾಯಿಸಿದ್ರೂ ಮೊದಲು ಅವಳಿಗೇ ಕೇಳ್ಸತ್ತೆ” ಎಂದು ಆಕೆ ಮೆಲ್ಲಗೆ ಹೇಳಿದಳು. “ಡಾಕ್ಟರುಗಳ ಕೋಟು ಒಗೆಯೋದು ನಾನು, ಹಾಕ್ಕೊಳೋದು ನೀನು ಅಂತ ಹೇಳಿ ಇಲ್ಲಿಗೆ ಸೇರಿಸಿದೀನಿ ಸಾರ್. ಇನ್ನೊಂದು ಸಲ ನೋಡಿ.”

“ಹೊರಗಿಂದ ತುಂಬೋದಕ್ಕೆ ಇದೇನು ಬಿಂದಿಗೆಯಾ? ಒಳಗಿನಿಂದ ಬರಬೇಕು.”

ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಹೊರಡುವಾಗ ಒಂದೇ ಮಾತು ಕೇಳಿದಳು. “ಸಾರ್, ನನ್ನನ್ನ ಬೇರೆ ಬೆಂಚಲ್ಲಿ ಕೂರಿಸ್ತೀರಾ?”

“ಬೆಂಚು ಬದಲಾಯಿಸಿದ್ರೆ ಬುದ್ಧಿ ಬದಲಾಗತ್ತಾ?” ಎಂದು ಮೇಷ್ಟ್ರು ನಕ್ಕರು. ತಾಯಿ ಮಗಳ ರೆಟ್ಟೆ ಹಿಡಿದುಕೊಂಡು ಹೊರಟುಹೋದಳು.

ಅದಾದ ಕೆಲವೇ ದಿನಕ್ಕೆ ಬೇರೆ ಶಾಲೆಗಳ ಮೇಷ್ಟ್ರುಗಳು ನೋಡಲು ಬಂದರು. ಸ್ವಂತ ಓದಿನ ಸುದ್ದಿ ಅಷ್ಟು ದೂರ ಹೋಗಿತ್ತು. ಶಾಲೆಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಬಂದವರಿಗೆ ಪ್ರಯೋಗಾಲಯ ತೋರಿಸಬೇಕೆಂದು ಮೇಷ್ಟ್ರ ಸೊಂಟದಿಂದ ಗೊಂಚಲನ್ನೇ ಇಸಿದುಕೊಂಡು ಹೋದರು. ಮೇಷ್ಟ್ರಿಗೆ ಅಂಗಿಯ ಗುಂಡಿ ಹಾಕಲು ಮರೆತವರಂತೆ ಏನೋ ಕಸಿವಿಸಿ. ಆದರೂ ಅತಿಥಿ ಮೇಡಂ ಒಬ್ಬರ ಜೊತೆ ಮಹಡಿ ಹತ್ತಿದರು. “ಭಯದಿಂದ ಓದಿಸೋದು ಸುಲಭ ಮೇಡಂ, ಯಾರು ಬೇಕಾದ್ರೂ ಮಾಡ್ತಾರೆ” ಎಂದು ದಾರಿಯುದ್ದಕ್ಕೂ ವಿವರಿಸುತ್ತಿದ್ದರು.

ಕಾರಿಡಾರಿನ ಅರ್ಧಕ್ಕೆ ಬಂದಾಗಲೇ ಗಲಾಟೆ ಕೇಳಿಸಿತು. ಪಕ್ಕದ ಕೋಣೆಯದ್ದು ಎಂದುಕೊಂಡರು. ಪಕ್ಕದ ಕೋಣೆ ಖಾಲಿ ಇತ್ತು.

ಬಾಗಿಲಲ್ಲಿ ನಿಂತು ನೋಡಿದರೆ ಕಾಗದದ ಉಂಡೆಗಳು ಗಾಳಿಯಲ್ಲಿ ಹಾರುತ್ತಿದ್ದವು. ಹಿಂದಿನ ಬೆಂಚಿನಲ್ಲಿ ಇಸ್ಪೀಟು. ನಡುವೆ ಮೇಜಿನ ಮೇಲೆ ನಿಂತವಳು ಅವರದೇ ಮಗಳು. ಸೊಂಟಕ್ಕೆ ಕಂಪಾಸು ಪೆಟ್ಟಿಗೆ ಕಟ್ಟಿಕೊಂಡು ಗಲಗಲ ಅಲ್ಲಾಡಿಸುತ್ತಾ, ಹೊಟ್ಟೆ ಮುಂದೆ ಮಾಡಿ, “ಒಳಗಿನಿಂದ ಬರಬೇಕು! ಒಳಗಿನಿಂದ!” ಎಂದು ಅಪ್ಪನ ದನಿಯಲ್ಲೇ ಹೇಳುತ್ತಿದ್ದಳು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ನಗದೆ ಇದ್ದವಳು ಒಬ್ಬಳೇ. ಬಾಗಿಲ ಪಕ್ಕದ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಿವಿ ಹೊರಗೆ ಕೊಟ್ಟು, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದಳು. ಮೇಷ್ಟ್ರನ್ನು ಮೊದಲು ಕಂಡವಳೂ ಅವಳೇ. ಅವರ ಮುಖ ನೋಡಲಿಲ್ಲ, ಸೊಂಟ ನೋಡಿದಳು. ಅವಳ ಮುಖ ಬಿಳಿಚಿತು. ಎದ್ದು ನಿಂತು, ಮೇಷ್ಟ್ರಿಗಲ್ಲ, ತರಗತಿಗೆ ಹೇಳಿದಳು.

“ಸಾರಿ... ನನಗೆ ಕೇಳಿಸ್ಲೇ ಇಲ್ಲ.”

ಅತಿಥಿ ಮೇಡಂ ಸಭ್ಯರು. “ಮಕ್ಕಳು ಚುರುಕಾಗಿದಾರೆ” ಎಂದಷ್ಟೇ ಹೇಳಿ ಮೆಟ್ಟಿಲ ಕಡೆ ತಿರುಗಿದರು. ಬೈದಿದ್ದರೆ ಮೇಷ್ಟ್ರಿಗೆ ವಾಸಿಯಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದರು. ಒಬ್ಬೊಬ್ಬರೇ ಬಾಯಿಬಿಟ್ಟರು. ಅವಳಿಗೆ ಕೆಳಗಿನ ಮೆಟ್ಟಿಲಲ್ಲೇ ಕೀ ಸದ್ದು ಕೇಳುತ್ತದೆ. ಸಾರ್ ಬರುತ್ತಿದ್ದಾರೋ ಹೋಗುತ್ತಿದ್ದಾರೋ ಹೇಳುತ್ತಾಳೆ. ಸಿಟ್ಟಿದ್ದರೂ ಗೊತ್ತಾಗುತ್ತದೆ, ಯಾಕೆಂದರೆ ಸಿಟ್ಟಿದ್ದಾಗ ಸಾರ್ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾರೆ. ಅವಳು ಪೆನ್ಸಿಲಿನಲ್ಲಿ ಬೆಂಚಿಗೆ ಟಕ್ ಟಕ್ ಎಂದರೆ ಎಲ್ಲರೂ ಪುಸ್ತಕ ತೆಗೆಯುತ್ತಾರೆ.

“ನೀನು ಯಾವಾಗ ಓದೋದು?” ಎಂದು ಮೇಷ್ಟ್ರು ಅವಳನ್ನು ಕೇಳಿದರು.

“ಓದಿದ್ರೆ ಕೇಳ್ಸಲ್ಲ ಸಾರ್.”

“ಮತ್ತೆ ಯಾಕೆ ಒಪ್ಕೊಂಡೆ?”

“ಹೊಸಬಳು ಅಂತ ಯಾರೂ ಮಾತಾಡಿಸ್ತಿರ್ಲಿಲ್ಲ ಸಾರ್. ಇದು ಮಾಡಿದ್ಮೇಲೆ ಮಾತಾಡಿಸಿದ್ರು.”

ಗಮನವಿಲ್ಲದವಳೆಂದು ತಾವು ಕೈಯಾರೆ ಬರೆದುಕೊಟ್ಟ ಹುಡುಗಿ ಇವಳು. ದಿನವೂ ಅಲುಗಾಡದೆ ಕೂತು ಒಂದೇ ಸದ್ದಿಗಾಗಿ ಕಿವಿ ನೆಟ್ಟಿದ್ದವಳು. ಇಡೀ ಕೋಣೆಯಲ್ಲಿ ತನ್ನ ಮನಸ್ಸನ್ನು ಹಿಡಿದಿಟ್ಟುಕೊಂಡವಳು ಇವಳೊಬ್ಬಳೇ ಎಂಬುದು ಮೇಷ್ಟ್ರಿಗೆ ಈಗ ಹೊಳೆಯಿತು. ಬೇರೆ ಬೆಂಚು ಕೊಡಿ ಎಂದು ಬಾಯಿಬಿಟ್ಟು ಕೇಳಿದ್ದಳಲ್ಲ. ನಕ್ಕುಬಿಟ್ಟಿದ್ದರು.

“ಇದು ಯಾರ ಉಪಾಯ?”

ಮೇಜಿನಿಂದ ಇಳಿದಿದ್ದ ಮಗಳು ಕಂಪಾಸು ಪೆಟ್ಟಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೇಳಿದಳು. “ನಂದು.”

ದಿನವೂ ಮೇಷ್ಟ್ರು ಬೀಗಗಳನ್ನೆಲ್ಲ ಹಾಕಿ ಬರುವಷ್ಟರಲ್ಲಿ ಮಗಳು ಮನೆ ಸೇರಿರುತ್ತಿದ್ದಳು, ಅಂದು ಮಾತ್ರ ಅಪ್ಪ ಮಗಳು ಒಟ್ಟಿಗೇ ನಡೆದು ಹೊರಟರು.

“ಇಂಥದ್ದೆಲ್ಲ ಎಲ್ಲಿ ಕಲ್ತೆ?” ಎಂದು ಅರ್ಧ ದಾರಿಯಲ್ಲಿ ಅಪ್ಪ ಕೇಳಿದರು.

“ಮನೇಲಿ” ಎಂದಳು ಮಗಳು. “ಮನೇಲಿ ಕೇಳಿಸ್ಕೊಳೋ ಕೆಲಸ ನಂದೇ ಅಲ್ವಾ ಅಪ್ಪ. ಗೇಟಿನ ಹತ್ರ ಕೀ ಸದ್ದಾದ ತಕ್ಷಣ ಹೇಳ್ತೀನಿ. ಅಮ್ಮ ಟಿವಿ ಆರಿಸ್ತಾಳೆ. ಅಜ್ಜಿ ಬಿಸ್ಕತ್ತಿನ ಡಬ್ಬ ಬಚ್ಚಿಡ್ತಾಳೆ. ಕ್ಲಾಸಲ್ಲಿ ನಾನು ಕಿಟಕಿ ಹತ್ರದ ನಡುಬೆಂಚು, ಕೇಳ್ಸಲ್ಲ. ಅದಕ್ಕೇ ಅವಳಿಗೆ ಹೇಳಿಕೊಟ್ಟೆ.”

ದನಿಯಲ್ಲಿ ದೂರೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಕೊಡೆ ಎಲ್ಲಿಟ್ಟಿದೆ ಎಂದು ಹೇಳುವಂತೆ ಹೇಳಿದಳು. ಮೇಷ್ಟ್ರಿಗೆ ಅದೇ ಹೆಚ್ಚು ಚುಚ್ಚಿತು.

ಗೇಟಿನ ಬಳಿ ಬಂದಾಗ ಒಳಗಿನಿಂದ ನಗು ಕೇಳಿಸಿತು. ಹೆಂಡತಿ ಮತ್ತು ತಾಯಿ ಒಟ್ಟಿಗೆ ನಗುತ್ತಿದ್ದರು. ತಮ್ಮ ತಾಯಿ ಇಷ್ಟು ಜೋರಾಗಿ ನಗಬಲ್ಲರು ಎಂಬುದೇ ಅವರಿಗೆ ಮರೆತುಹೋಗಿತ್ತು. ಅಲ್ಲೇ ನಿಂತು ಸ್ವಲ್ಪ ಕೇಳಿಸಿಕೊಂಡರು. ಬಾಗಿಲು ತಳ್ಳಿದಾಗ ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಇವರನ್ನು ಕಂಡು ಕಾಲು ಮಡಚಿ ಟಿವಿ ಆರಿಸಿದಳು. ನಗು ಕತ್ತರಿಸಿದ ಹಾಗೆ ನಿಂತಿತು.

“ಬಂದ್ಯೇನೋ? ಸದ್ದೇ ಆಗ್ಲಿಲ್ವಲ್ಲೋ” ಎನ್ನುತ್ತಾ ಅವರ ತಾಯಿ, ಇವರನ್ನು ಹೆತ್ತು ಸಾಕಿದ ತಾಯಿ, ಬಿಸ್ಕತ್ತಿನ ಡಬ್ಬವನ್ನು ದಿಂಬಿನ ಅಡಿಗೆ ತಳ್ಳಿದರು.

“ತಿನ್ನಮ್ಮ, ಪರವಾಗಿಲ್ಲ” ಎಂದರು ಮೇಷ್ಟ್ರು. ಆಕೆ ಡಬ್ಬ ಹೊರಗೆ ತೆಗೆಯಲಿಲ್ಲ. ಇದು ಹೊಸ ಬಗೆಯ ಪರೀಕ್ಷೆಯಿರಬೇಕು ಎಂಬಂತೆ ಮಗನ ಮುಖವನ್ನೇ ನೋಡಿದರು. ಮೇಷ್ಟ್ರು ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು.

ಮರುದಿನ ದೊಡ್ಡ ಮೇಡಂ ಕೋಣೆಗೆ ಹೋದರು. “ಆ ಹುಡುಗಿಯನ್ನ ಬಿ ವಿಭಾಗಕ್ಕೆ ಹಾಕೋದು ಬೇಡ ಮೇಡಂ.”

“ಗಮನವೇ ಇಲ್ಲ ಅಂತ ಬರೆದುಕೊಟ್ಟೋರು ನೀವೇ ಅಲ್ವಾ?”

“ಇದ್ದ ಗಮನವೆಲ್ಲ ನನ್ನ ಮೇಲೆ ಖರ್ಚಾಗ್ತಿತ್ತು.” ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಹೇಳುವಾಗ ಮೇಜಿನ ಅಂಚನ್ನೇ ನೋಡುತ್ತಿದ್ದರು.

ದೊಡ್ಡ ಮೇಡಂ ಕನ್ನಡಕ ತೆಗೆದಿಟ್ಟರು. “ನಿಮ್ಮ ಮಾತು ಕೇಳಿ ಅವತ್ತು ಇಳಿಸಿದೆ. ಇವತ್ತು ನಿಮ್ಮ ಮಾತು ಕೇಳಿ ಹತ್ತಿಸೋಕಾಗಲ್ಲ. ತಿಂಗಳ ಕೊನೆಗೆ ಪರೀಕ್ಷೆ ಇದೆ. ಪಾಸಾದ್ರೆ ಇಲ್ಲಿರ್ತಾಳೆ.” ಮೇಜಿನ ಮೇಲಿದ್ದ ಗೊಂಚಲನ್ನು ಮುಂದೆ ತಳ್ಳಿದರು. ಮೇಷ್ಟ್ರು ಆಮೇಲೆ ತಗೋತೀನಿ ಎಂದು ಅದನ್ನು ಅಲ್ಲೇ ಬಿಟ್ಟು ಬಂದರು.

ಮಧ್ಯಾಹ್ನ ಆಸ್ಪತ್ರೆಗೆ ಹೋದರು. ಹಿಂಬದಿಯ ಬಾಗಿಲಲ್ಲಿ ಒದ್ದೆ ಬಟ್ಟೆಯ ಗಾಡಿ ತಳ್ಳುತ್ತಿದ್ದ ಹುಡುಗಿಯ ತಾಯಿ ಇವರನ್ನು ಕಂಡು ಗಾಬರಿಯಾಗಿ ಕೈ ಒರೆಸಿಕೊಂಡಳು.

“ತಪ್ಪು ನಂದಮ್ಮ. ಅವಳಷ್ಟು ಗಮನ ಇರೋರು ನನ್ನ ಕ್ಲಾಸಲ್ಲಿ ಇನ್ನೊಬ್ಬರಿಲ್ಲ.”

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಮುಖ ಅರಳಲಿಲ್ಲ.

“ಅವತ್ತು ಮನೆಗೆ ಹೋಗಿ ಹೊಡೆದೆ ಸಾರ್” ಎಂದಳು. “ಒಂದು ಮಾತೂ ಹೇಳ್ಲಿಲ್ಲ ಅವಳು. ಸುಮ್ನೆ ಹೊಡೆಸ್ಕೊಂಡ್ಳು.”

ಒಳಗಿಂದ ಯಾರೋ ಕೂಗಿದರು, ಆಕೆ ಗಾಡಿ ತಳ್ಳಿಕೊಂಡು ಹೋದಳು.

ಸಂಜೆ ಸ್ವಂತ ಓದಿನ ಅವಧಿಗೆ ಮೇಷ್ಟ್ರು ಮೊದಲೇ ಹೋಗಿ ಕೋಣೆಯ ಒಳಗೆ ನಿಂತಿದ್ದರು. ಗೋಡೆಯ ಮೇಲೆ ಬರಹವಿದ್ದ ಜಾಗದಲ್ಲಿ ಅಂಟಿನ ಕಲೆಗಳಷ್ಟೇ ಇದ್ದವು. ಭಾಷಣ ಕಾದಿದೆ ಎಂದು ಮಕ್ಕಳು ಮುದುಡಿ ಕೂತರು. ಮೇಷ್ಟ್ರು ಹುಡುಗಿಯ ಚೀಲವನ್ನು ತಾವೇ ಎತ್ತಿಕೊಂಡು ಹೋಗಿ ಕಿಟಕಿಯ ಬಳಿ, ತಮ್ಮ ಮಗಳ ಪಕ್ಕದಲ್ಲಿ ಇಟ್ಟರು. ಮಗಳು ತುಟಿ ಕಚ್ಚಿಕೊಂಡು ಜರುಗಿ ಜಾಗ ಮಾಡಿಕೊಟ್ಟಳು. ಆಮೇಲೆ ಮೇಷ್ಟ್ರು ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ, ಮಕ್ಕಳಿಗೆ ಬೆನ್ನು ಮಾಡಿ, ಮೊಣಕಾಲು ಮಡಚಿಕೊಂಡು ಕಷ್ಟಪಟ್ಟು ಕೂತರು.

“ಕೇಳಿಸ್ಕೊಳೋದು ಇನ್ಮೇಲೆ ನನ್ನ ಕೆಲಸ” ಎಂದು ತಿರುಗಿ ನೋಡದೆಯೇ ಹೇಳಿದರು. “ನೀನು ಓದಮ್ಮ.”

ಬೆನ್ನ ಹಿಂದೆ ಪಿಸುಮಾತು ಶುರುವಾಯಿತು. ಒಂದು ಕಾಗದದ ಉಂಡೆ ಬಂದು ಹೆಗಲಿಗೆ ತಾಗಿತು. ಕೆಲವರು ಓದುತ್ತಿದ್ದರು, ಕೆಲವರು ಇಲ್ಲ. ತಿರುಗಿ ಒಂದು ನೋಟ ಬೀರಿದರೆ ಎಲ್ಲ ಸರಿಹೋಗುತ್ತದೆ ಎಂದು ಗೊತ್ತಿತ್ತು. ಕತ್ತು ತಾನಾಗಿಯೇ ತಿರುಗಲು ಹೊರಟಿತ್ತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತರು. ತನ್ನನ್ನು ತಾನು ಹಿಡಿದುಕೊಳ್ಳುವುದು ಎಷ್ಟು ಕಷ್ಟ ಎಂಬುದು, ಊರಿನ ಮಕ್ಕಳಿಗೆಲ್ಲ ಅದನ್ನೇ ಬೋಧಿಸಿದವರಿಗೆ, ಈ ವಯಸ್ಸಿನಲ್ಲಿ ತಿಳಿಯಿತು.

ಆಗ ಮೆಟ್ಟಿಲ ಕಡೆಯಿಂದ ಗಲಗಲ ಸದ್ದು ಬಂತು. ದೊಡ್ಡ ಮೇಡಂ ಗೊಂಚಲು ವಾಪಸು ಕೊಡಲು ಬರುತ್ತಿದ್ದರು. ಇಷ್ಟು ವರ್ಷ ಸೊಂಟದಲ್ಲಿ ಹೊತ್ತು ತಿರುಗಿದ ಸದ್ದನ್ನು ಮೇಷ್ಟ್ರು ಕೋಣೆಯ ಒಳಗೆ ಕೂತು ಕೇಳಿದ್ದು ಅದೇ ಮೊದಲು. ಬೆನ್ನು ತಾನಾಗಿ ನೆಟ್ಟಗಾಯಿತು, ಕೈ ಯಾವುದೋ ಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡಿತು. ಹಿಂದೆ ಇಡೀ ಕೋಣೆ ಸ್ತಬ್ಧವಾಯಿತು.

ತಡೆಯಲಾಗದೆ ತಿರುಗಿದರು. ಕಿಟಕಿಯ ಬಳಿ ಅವಳ ಪೆನ್ಸಿಲ್ ಬೆಂಚಿನಿಂದ ಎರಡು ಬೆರಳು ಮೇಲೆ ಎದ್ದು ನಿಂತಿತ್ತು. ಮೇಷ್ಟ್ರು ತಲೆಯಾಡಿಸಿ ಬೇಡ ಎಂದರು. ತಮ್ಮ ಜೇಬಿನ ಪೆನ್ನು ತೆಗೆದು ಬೆಂಚಿಗೆ ತಾವೇ ಟಕ್ ಟಕ್ ಎಂದು ಬಡಿದರು. ಯಾರೋ ಕಿಸಕ್ಕೆಂದರು. ಅವಳ ಪೆನ್ಸಿಲ್ ನಿಧಾನವಾಗಿ ಇಳಿದು, ಅರ್ಧಕ್ಕೆ ನಿಂತಿದ್ದ ಲೆಕ್ಕದ ಮೇಲೆ ಕೂತು, ಓಡತೊಡಗಿತು.

ದೊಡ್ಡ ಮೇಡಂ ಬಾಗಿಲಿಗೆ ಬಂದಾಗ ಗಿಲಕಿ ಮೇಷ್ಟ್ರು ಸಿಕ್ಕಿಬಿದ್ದ ಹುಡುಗನ ಹಾಗೆ ಎದ್ದು ನಿಂತಿದ್ದರು. ಮಕ್ಕಳೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಅವಳೊಬ್ಬಳು ತಲೆ ಎತ್ತಲಿಲ್ಲ.